ತಲಕಾಡು: ನಾವು ತೋರಿಸುವ ಊರು, ಶಾಸನಗಳಲ್ಲಿರುವ ಊರು

ತಲಕಾಡಿಗೆ ಹೋದವರಿಗೆ ಊರು ಕಾಣುವುದಕ್ಕೂ ಮೊದಲೇ ಅಲಮೇಲಮ್ಮ ಎದುರಾಗುತ್ತಾಳೆ. ಬಸ್ಸಿನಲ್ಲಿ ಪಕ್ಕ ಕೂತವರು ಹೇಳ್ತಾರೆ, ಗೈಡ್ ಹೇಳ್ತಾರೆ, ಯೂಟ್ಯೂಬ್ ವಿಡಿಯೊ ಅಲ್ಲಿಂದಲೇ ಶುರುವಾಗುತ್ತೆ. ೧೬೧೦ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣ ಹಿಡಿದರು, ವಿಜಯನಗರದ ಪ್ರತಿನಿಧಿ ತಿರುಮಲರಾಯ ತಲಕಾಡಿಗೆ ಬಂದ, ಅವನ ಹೆಂಡತಿ ಅಲಮೇಲಮ್ಮ ಒಡವೆ ಒಪ್ಪಿಸದೆ ಮಾಲಂಗಿಯ ಮಡುವಿಗೆ ಹಾರಿದಳು, ಹಾರುವಾಗ ಶಾಪ ಕೊಟ್ಟಳು, ಊರು ಮರಳಾಯಿತು. ಆಮೇಲೆ ತಗಡಿನ ಚಾವಣಿಯ ದಾರಿಯಲ್ಲಿ ನಡೆದು ಐದು ಲಿಂಗ ನೋಡಿ, ನದಿಗಿಳಿದು, ತೆಪ್ಪದಲ್ಲಿ ಒಂದು ಸುತ್ತು ಹಾಕಿ, ಊಟ ಮಾಡಿ ವಾಪಸ್ಸು. ತಲಕಾಡು ನೋಡಿದ ಹಾಗಾಯಿತು.

ಈ ಕತೆಯ ಮೇಲೆ ನನಗೆ ಸಿಟ್ಟಿಲ್ಲ. ನಂಜನಗೂಡಿಗೂ ನರಸೀಪುರಕ್ಕೂ ಎರಡೂ ಕಡೆ ಓಡಾಟವಿರುವ ತಗಡೂರು ಕಡೆಯ ನಮಗೆ ಅದು ಅಜ್ಜಿ ಹೇಳಿದ ಕತೆ. ತಕರಾರು ಇರುವುದು ನಮ್ಮ ಬಗ್ಗೆ, ಅಂದರೆ ಪಾರಂಪರಿಕ ನಡಿಗೆ ಅಂತ ಜನರನ್ನು ಕರೆದುಕೊಂಡು ಹೋಗುವ, ಅದರ ಬಗ್ಗೆ ಬರೆಯುವ ನಮ್ಮಂಥವರ ಬಗ್ಗೆ. ಸಾವಿರ ವರ್ಷಕ್ಕೂ ಮೀರಿ ಬದುಕಿದ ಒಂದು ನಗರಕ್ಕೆ ನಾವು ಒಂದೇ ಒಂದು ದಿನ ಕೊಟ್ಟಿದ್ದೇವೆ. ಅದೂ ಅದು ಸತ್ತ ದಿನ. ಆ ದಿನ ಹಾಗೆ ಸಾಯಲಿಲ್ಲ ಅಂತ ಹೇಳುವ ಕಲ್ಲು ಅದೇ ದಾರಿಯ ಪಕ್ಕದಲ್ಲಿದ್ದರೂ ಅದರ ಮುಂದೆ ಯಾರನ್ನೂ ನಿಲ್ಲಿಸುವುದಿಲ್ಲ.

ತಲಕಾಡಿನ ಶಾಸನಗಳು ಹೊಸದಾಗಿ ಸಿಕ್ಕಿದವೇನಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೂರನೇ ಸಂಪುಟ, ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳನ್ನು ಒಳಗೊಂಡದ್ದು, ಬಂದದ್ದು ೧೮೯೪ರಲ್ಲಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕರಿಸಿ ತಂದ ಮಾಲೆಯಲ್ಲಿ ನರಸೀಪುರ ತಾಲ್ಲೂಕು ಐದನೇ ಸಂಪುಟದಲ್ಲಿದೆ, ೧೯೭೬. ಅಂದರೆ ಓದಬೇಕು ಅನ್ನುವವರಿಗೆ ನೂರಿಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಅವಕಾಶ ಇತ್ತು.

ಮೊದಲು ಗೌರೀಶಂಕರ ದೇವಾಲಯದಿಂದ ಶುರು ಮಾಡೋಣ. ಮರಳಿನಡಿಯಿಂದ ತೆಗೆದ ಗುಡಿಗಳಲ್ಲಿ ಇದೂ ಒಂದು. ಇಲ್ಲಿ ಒಂದು ಕನ್ನಡ ಶಾಸನವಿದೆ. ಗುಡಿ ಕಟ್ಟಿದ್ದು ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ ಅಂತ ಅದು ಹೇಳುತ್ತದೆ. ಚಿಕ್ಕದೇವರಾಜರ ಕಾಲ ೧೬೭೨ರಿಂದ ೧೭೦೪. ಈಗ ಲೆಕ್ಕ ಹಾಕಿ. ಶಾಪದ ಕತೆ ನಡೆಯುವುದು ೧೬೧೦ರ ಸುಮಾರಿಗೆ. ಅದಾಗಿ ಕಡಿಮೆ ಅಂದರೂ ಅರವತ್ತು ವರ್ಷ ಕಳೆದ ಮೇಲೆ, ಅದೇ ಮೈಸೂರು ಅರಸರ ಕಾಲದಲ್ಲಿ, ತಲಕಾಡಿನಲ್ಲಿ ಕಲ್ಲು ತಂದು ಗುಡಿ ಕಟ್ಟಿ ಶಾಸನ ಬರೆಸುತ್ತಿದ್ದಾರೆ. ಮುಂದೆ ಆ ಗುಡಿಯೂ ಮರಳಿನಡಿಗೆ ಹೋಗುತ್ತದೆ. ಎಂದರೆ ಗುಡಿ ಕಟ್ಟಿದ ದಿನ ಆ ಜಾಗ ಜನ ಓಡಾಡುವ, ಪೂಜೆಗೆ ಬರುವ ಜಾಗ. ಶಾಪ ಬಿದ್ದ ಊರಿನಲ್ಲಿ, ಮರಳು ಅಗೆದು ಅಗೆದು, ಯಾರಾದರೂ ಹೊಸ ದೇವಸ್ಥಾನಕ್ಕೆ ದುಡ್ಡು ಹಾಕುತ್ತಾರೆಯೇ?

ಆನಂದೇಶ್ವರದ ಕತೆ ಇನ್ನೂ ಮುಂದಕ್ಕೆ ಹೋಗುತ್ತದೆ. ಅದನ್ನು ಕಟ್ಟಿಸಿದ್ದು ಚಿದಾನಂದಸ್ವಾಮಿ ಎಂಬೊಬ್ಬರು, ಹೈದರನ ಸಮಕಾಲೀನರು ಅಂತ ಪ್ರತೀತಿ. ಪ್ರವಾಹದ ಕಾವೇರಿಯನ್ನು ಬಾಳೆ ಎಲೆಯ ಮೇಲೆ ಕೂತು ದಾಟಿದರಂತೆ, ಅದನ್ನು ಕಂಡ ಹೈದರ ಗುಡಿಗೆ ಭೂಮಿ ಬಿಟ್ಟನಂತೆ. ಹೈದರನ ಆಳ್ವಿಕೆ ೧೭೬೧ರಿಂದ ೧೭೮೨. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಗೌರೀಶಂಕರದ್ದು ಕಲ್ಲಿನ ಮೇಲಿನ ಮಾತು, ಆನಂದೇಶ್ವರದ್ದು ಜನರ ಬಾಯಿಮಾತು. ಆದರೆ ತಮಾಷೆ ನೋಡಿ, ಬಾಯಿಮಾತನ್ನೇ ನಂಬುವುದಾದರೂ, ಅಲಮೇಲಮ್ಮನ ಕತೆಗೆ ಎದುರಾಗಿ ನಿಲ್ಲುವ ಬಾಯಿಮಾತು ಅದೇ ಊರಿನಲ್ಲೇ ಇದೆ. ನಾವು ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬಿಟ್ಟೆವು. ಬಾಳೆ ಎಲೆಯ ಸ್ವಾಮಿಗಳಿಗಿಂತ ಮಡುವಿಗೆ ಹಾರಿದ ಹೆಂಗಸು ವಿಡಿಯೊಗೆ ಚೆನ್ನಾಗಿ ಒಗ್ಗುತ್ತಾಳೆ, ಅಷ್ಟೇ.

ಹಾಗಾದರೆ ಮರಳು? ಮರಳು ಇದೆ, ಸುಳ್ಳಲ್ಲ. ಬ್ರಿಟಿಷರ ಕಾಲದ ಮೈಸೂರು ಗೆಜೆಟಿಯರಿನಲ್ಲಿ ತಲಕಾಡಿನ ಬಗ್ಗೆ ಒಂದು ಪ್ಯಾರಾ ಇದೆ. ಇಡೀ ಚರ್ಚೆಗೆ ಅದಕ್ಕಿಂತ ಬೆಲೆಬಾಳುವ ಬರಹ ನನಗೆ ಕಂಡಿಲ್ಲ. ಸುಮಾರು ಒಂದು ಮೈಲಿ ಉದ್ದದ ಮರಳುಗುಡ್ಡಗಳು ವರ್ಷಕ್ಕೆ ಒಂಬತ್ತು ಹತ್ತು ಅಡಿಯಂತೆ ಊರಿನ ಮೇಲೆ ಸಾಗಿ ಬರುತ್ತಿದ್ದವು, ಮುಖ್ಯವಾಗಿ ಮುಂಗಾರಿನ ನೈಋತ್ಯ ಗಾಳಿಗೆ. ಮೂರು ಕಡೆಯಿಂದ ಒತ್ತಿಕೊಂಡು ಬಂದಾಗ ಜನ ಮನೆ ಬಿಟ್ಟು ಒಳಕ್ಕೆ ಒಳಕ್ಕೆ ಸರಿಯುತ್ತಿದ್ದರು. ಮೂವತ್ತಕ್ಕೂ ಹೆಚ್ಚು ಗುಡಿಗಳು ಅಡಿಯಲ್ಲಿವೆ ಅನ್ನುವ ಮಾತೂ ಅಲ್ಲಿಂದಲೇ ಬಂದಿರಬೇಕು. ಇಷ್ಟನ್ನು ಎಲ್ಲರೂ ಎತ್ತಿ ಹೇಳುತ್ತಾರೆ. ಅದೇ ಪ್ಯಾರಾದ ಇನ್ನೊಂದು ಮಾತನ್ನು ಬಿಟ್ಟುಬಿಡುತ್ತಾರೆ: ಹೀಗಿದ್ದೂ ಊರಿನ ಜನಸಂಖ್ಯೆ ಏರುತ್ತಿದೆ, ಕಾರಣ ಮಾಧವಮಂತ್ರಿ ಅಣೆಕಟ್ಟಿನ ನಾಲೆಯಿಂದ ಸುತ್ತಮುತ್ತ ಸಿಗುತ್ತಿರುವ ಒಳ್ಳೆಯ ನೀರಾವರಿ ಬೇಸಾಯ.

ಇದನ್ನು ಓದಿದ ಮೇಲೆ ತಲಕಾಡು ಹೂತುಹೋದ ಊರು ಅಂತ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದು ಸರಿದ ಊರು. ಹಿಂದಿನ ಕೇರಿ ಮರಳಿಗೆ, ಮುಂದಿನ ಕೇರಿ ಗದ್ದೆಯ ಕಡೆಗೆ. ಇವತ್ತು ನಾವು ಕಾರು ನಿಲ್ಲಿಸಿ, ಎಳನೀರು ಕುಡಿದು, "ಹಳೇ ಊರು ಎಲ್ಲಿ?" ಅಂತ ಕೇಳುತ್ತೇವಲ್ಲ, ಆ ಪ್ರಶ್ನೆ ಕೇಳಿಸಿಕೊಳ್ಳುವ ಅಂಗಡಿಯವರು ನಿಂತಿರುವುದೇ ಹಳೇ ಊರಿನ ಕೊನೆಯ ಕೇರಿಯಲ್ಲಿ.

ಇಲ್ಲೊಂದು ಲೆಕ್ಕ ಹಾಕುವ ಆಸೆ ಯಾರಿಗಾದರೂ ಬರುತ್ತೆ, ನನಗೂ ಬಂತು. ಒಂದು ಮೈಲಿಗೆ ೫೨೮೦ ಅಡಿ. ವರ್ಷಕ್ಕೆ ಒಂಬತ್ತೂವರೆ ಅಡಿ ಅಂದುಕೊಂಡರೆ ಐನೂರೈವತ್ತು ವರ್ಷ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಅಷ್ಟು ಹಿಂದಕ್ಕೆ ಹೋದರೆ ಸರಿಯಾಗಿ ಹದಿನಾಲ್ಕನೇ ಶತಮಾನ, ಅಣೆಕಟ್ಟಿನ ಕಾಲ! ಖುಷಿಯಿಂದ ಪುಸ್ತಕದ ಅಂಚಿನಲ್ಲಿ ಬರೆದುಕೊಂಡೆ. ಮರುದಿನ ಹೊಡೆದುಹಾಕಿದೆ. ಒಂದು ಮೈಲಿ ಅನ್ನುವುದು ಗುಡ್ಡದ ಉದ್ದ, ಮರಳು ಸಾಗಿದ ದೂರ ಅಲ್ಲ. ಒಂದು ಕಾಲದಲ್ಲಿ ಅಳೆದ ವೇಗ ಐದು ಶತಮಾನವೂ ಹಾಗೇ ಇತ್ತು ಅನ್ನುವುದಕ್ಕೂ ಆಧಾರವಿಲ್ಲ. ಇಂಥ ಲೆಕ್ಕಗಳು ನಮ್ಮ ಗುಂಪುಗಳಲ್ಲಿ ಬೇಗ ಓಡಾಡುತ್ತವೆ ಅಂತಲೇ ಇದನ್ನು ಇಲ್ಲಿ ಹೇಳಿದ್ದು.

ಅಣೆಕಟ್ಟಿನ ವಿಚಾರವನ್ನು ಗಂಭೀರವಾಗಿ ಎತ್ತಿದವರು ಕೆ. ಎನ್. ಗಣೇಶಯ್ಯ. ಮೇಲ್ಗಡೆ ಅಣೆ ಕಟ್ಟಿದ್ದರಿಂದ ತಲಕಾಡಿನ ತಿರುವಿನಲ್ಲಿ ನೀರು ತಗ್ಗಿತು, ಪಾತ್ರದ ಮರಳು ಬಯಲಾಯಿತು, ಗಾಳಿ ಅದನ್ನು ಊರಿನ ಮೇಲೆ ಹಾಕಿತು, ಶಾಪದ ಕತೆ ಆ ಪರಿಸರ ದುರಂತದ ಜನಪದ ನೆನಪು ಅನ್ನುವುದು ಅವರ ವಾದದ ತಿರುಳು. ಗೆಜೆಟಿಯರಿನ ನೈಋತ್ಯ ಗಾಳಿಯೂ ನದಿಯ ತಿರುವೂ ಇದಕ್ಕೆ ಹೊಂದುತ್ತವೆ. ಕತೆಯನ್ನು ಸುಳ್ಳು ಅಂತ ಎಸೆಯದೆ ಅದರೊಳಗೆ ಏನಿದೆ ಅಂತ ಕೇಳಿದ್ದು ಈ ವಾದದ ದೊಡ್ಡ ಗುಣ. ಆದರೆ ಅದನ್ನು ಹಂಚಿಕೊಳ್ಳುವವರ ಕೈಯಲ್ಲಿ ಏನಾಗಿದೆ ಗೊತ್ತಾ? ಶಾಪದ ಜಾಗಕ್ಕೆ ಡ್ಯಾಂ ಬಂದು ಕೂತಿದೆ, ಮಿಕ್ಕಿದ್ದೆಲ್ಲ ಹಾಗೇ ಇದೆ. ಮೊದಲು "ಅವಳು ಹಾರಿದಳು, ಊರು ಹೂತಿತು" ಅಂತಿದ್ದರು. ಈಗ "ಡ್ಯಾಂ ಕಟ್ಟಿದರು, ಊರು ಹೂತಿತು" ಅಂತಾರೆ.

ಜೊತೆಗೆ ಒಂದು ಇಸವಿ. ಅಣೆಕಟ್ಟು ಕಟ್ಟಿದ್ದು ೧೩೩೬ರಲ್ಲಿ ಅಂತ ಎಷ್ಟೋ ಕಡೆ ಬರೆದಿರುತ್ತಾರೆ. ೧೩೩೬ ಅಂದರೆ ವಿಜಯನಗರ ಸ್ಥಾಪನೆಗೆ ಸಂಪ್ರದಾಯವಾಗಿ ಹೇಳುವ ವರ್ಷ. ಶಾಸನಗಳಲ್ಲಿ ಕಾಣುವ ಮಾಧವಮಂತ್ರಿ ಬುಕ್ಕ ಮತ್ತು ಇಮ್ಮಡಿ ಹರಿಹರರ ಕಾಲದಲ್ಲಿ, ಬನವಾಸಿ, ಗೋವೆಯ ಕಡೆ ಅಧಿಕಾರ ನಡೆಸಿದವನು. ಅಣೆಕಟ್ಟಿನ ಮಾಧವ ಅವನೇ ಆಗಿದ್ದರೆ ಕೆಲಸ ಆ ಶತಮಾನದ ಎರಡನೇ ಅರ್ಧಕ್ಕೆ ಬರುವುದೇ ಹೆಚ್ಚು ಸಹಜ. ರಾಜ್ಯ ಹುಟ್ಟಿದ ವರ್ಷವೇ ಕಾವೇರಿಗೆ ಅಣೆ ಕಟ್ಟಿದರು ಅನ್ನುವುದು ಯಾರೋ ಆತುರದಲ್ಲಿ ಜೋಡಿಸಿದ ಹಾಗಿದೆ. (ಈ ಮಾಧವನನ್ನು ವಿದ್ಯಾರಣ್ಯರ ಜೊತೆ ಬೆರೆಸುವುದು ಬೇರೆಯೇ ರೋಗ. ಅದರ ಬಗ್ಗೆ ಇನ್ನೊಮ್ಮೆ.)

ಮರಳಿನ ಮಾತು ಸಾಕು. ಮರಳು ಬರುವ ಮುಂಚಿನ ಊರಿಗೆ ಬರೋಣ.

ಒಂದೇ ಊರಿಗೆ ಮೂರು ಹೆಸರು ಶಾಸನಗಳಲ್ಲಿ ಸಿಗುತ್ತದೆ. ಸಂಸ್ಕೃತದ ತಾಮ್ರಪಟಗಳಲ್ಲಿ ತಲವನಪುರ. ಕನ್ನಡದಲ್ಲಿ ತಲಕಾಡು. ಚೋಳರ ತಮಿಳು ಶಾಸನಗಳಲ್ಲಿ ರಾಜರಾಜಪುರ, ಸುತ್ತಲಿನ ಗಂಗವಾಡಿಗೆ ಮುಡಿಗೊಂಡಚೋಳಮಂಡಲ. ಇದನ್ನು ಎಲ್ಲ ಪರಿಚಯ ಲೇಖನಗಳೂ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ. ನಿಂತು ಯೋಚಿಸಬೇಕಾದ್ದು ಇನ್ನೊಂದಿದೆ. ಗಂಗರು ಶತಮಾನಗಟ್ಟಲೆ ತಲಕಾಡಿನಿಂದ ಆಳಿದರು. ಅವರ ಬಿರುದಿನಲ್ಲಿ ಬರುವ ಊರು ಯಾವುದು? ಕುವಳಾಲಪುರವರೇಶ್ವರ, ನಂದಗಿರಿನಾಥ. ಅಂದರೆ ಕೋಲಾರ, ನಂದಿಬೆಟ್ಟ. ಮನೆ ಬದಲಾಯಿಸಿ ಎಷ್ಟೋ ತಲೆಮಾರು ಕಳೆದರೂ ಹುಟ್ಟೂರಿನ ವಿಳಾಸ ಬಿಡದವರ ಹಾಗೆ.

ತಲಕಾಡನ್ನು ಬಿರುದಿನಲ್ಲಿ ಎತ್ತಿ ಹಿಡಿದವನು ಅದನ್ನು ಗೆದ್ದವನು. ೧೧೧೬ರಲ್ಲಿ ಚೋಳರ ಸಾಮಂತ ಆದಿಯಮನನ್ನು ಗಂಗರಾಜ ಸೋಲಿಸಿದ ಮೇಲೆ ವಿಷ್ಣುವರ್ಧನ 'ತಲಕಾಡುಗೊಂಡ'ನಾದ. ಊರು ಬಿಟ್ಟುಕೊಡು ಅಂದಾಗ ಆದಿಯಮ, ಕಾದಾಡಿ ತೆಗೆದುಕೋ ಅಂದ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಮರುವರ್ಷ ಇಲ್ಲಿ ಕೀರ್ತಿನಾರಾಯಣ, ಅತ್ತ ಬೇಲೂರಿನಲ್ಲಿ ಚೆನ್ನಕೇಶವ ಎದ್ದು ನಿಂತವು. ಚಿನ್ನದ ನಾಣ್ಯದ ಮೇಲೂ 'ಶ್ರೀ ತಲಕಾಡುಗೊಂಡ' ಅಂತ ಅಚ್ಚಾಯಿತು. ಆಮೇಲಿನ ಹೊಯ್ಸಳರೂ ಈ ಬಿರುದನ್ನು ಹೊತ್ತುಕೊಂಡೇ ಹೋದರು. ಇದ್ದವರಿಗೆ ಊರು ಊರಾಗಿತ್ತು, ಗೆದ್ದವರಿಗೆ ಅದು ಬಿರುದಾಯಿತು. ನಾಡಿನ ಉದ್ದಗಲಕ್ಕೂ ತಲಕಾಡು ಎಂಬ ಅಕ್ಷರಗಳು ಕಾಣುವುದು ಹೆಚ್ಚಾಗಿ ಈ ಬಿರುದಿನಲ್ಲೇ. ಆದ್ದರಿಂದ "ತಲಕಾಡಿನ ಉಲ್ಲೇಖ ಇಷ್ಟು ಶಾಸನಗಳಲ್ಲಿದೆ" ಅಂತ ಎಣಿಸುವವರು ಬಿರುದನ್ನೂ ಊರನ್ನೂ ಬೇರೆ ಬೇರೆ ಎಣಿಸಬೇಕು. ಬಿರುದಿನಲ್ಲಿ ಬಂದ ತಲಕಾಡಿನಿಂದ ಊರಿನ ಬಗ್ಗೆ ನಮಗೆ ಏನೂ ತಿಳಿಯುವುದಿಲ್ಲ.

ಊರಿನ ಬಗ್ಗೆ ತಿಳಿಯಬೇಕು ಅಂದರೆ ಪಾತಾಳೇಶ್ವರದ ಗೋಡೆ ಹತ್ತಿರ ಹೋಗಬೇಕು. ಮೆಟ್ಟಿಲಿಳಿದು ಹಳ್ಳಕ್ಕೆ ಹೋದ ಹಾಗೆ ಹೋಗುವ ಗುಡಿ. ಇದರ ಹೊರಗೋಡೆಯಲ್ಲಿ ನಾಲ್ಕು ತುಂಡು ಶಾಸನಗಳು ಸಿಕ್ಕಿದ್ದವು. ಒಂದು ಗಂಗರ ಕಾಲದ ಹಳೆಯ ಕನ್ನಡದ್ದು. ಮಿಕ್ಕ ಮೂರೂ ತಮಿಳು. ನನ್ನ ದೃಷ್ಟಿಯಲ್ಲಿ ಇಡೀ ತಲಕಾಡಿನಲ್ಲಿ ನೋಡಬೇಕಾದ ಜಾಗ ಇದು. ನಾವು ಪ್ರದಕ್ಷಿಣೆ ಹಾಕುವಾಗ ಬೆನ್ನು ತಾಗಿಸಿಕೊಂಡು ಹೋಗುವ ಗೋಡೆ.

ತುಂಡು ಅನ್ನುವ ಮಾತನ್ನು ಗಮನಿಸಿ. ಸಾಲು ಕಲ್ಲಿನ ಅಂಚಿಗೆ ಕಡಿದುಹೋಗಿದ್ದರೆ ಆ ಕಲ್ಲು ಮೊದಲು ಇನ್ನೆಲ್ಲೋ ಇದ್ದಿರಬಹುದು, ಅಥವಾ ಪಕ್ಕದ ಕಲ್ಲು ಬದಲಾಗಿರಬಹುದು. ಗೋಡೆಯಲ್ಲಿ ಗಂಗರ ಅಕ್ಷರ ಇದೆ ಅಂದಮಾತ್ರಕ್ಕೆ ಗೋಡೆ ಗಂಗರದ್ದು ಆಗುವುದಿಲ್ಲ. ನಮ್ಮ ಬ್ಲಾಗು, ಫೇಸ್‌ಬುಕ್ ಪೋಸ್ಟುಗಳಲ್ಲಿ ಪಾತಾಳೇಶ್ವರ "ಗಂಗರ ದೇವಾಲಯ" ಅಂತ ಒಂದೇ ಮಾತಿನಲ್ಲಿ ಮುಗಿದುಹೋಗುವುದಕ್ಕೆ ಈ ಎಚ್ಚರ ಇಲ್ಲದ್ದೇ ಕಾರಣ. ಒಂದು ಕನ್ನಡ ತುಂಡು ಕಣ್ಣಿಗೆ ಬಿತ್ತು, ಮೂರು ತಮಿಳು ತುಂಡು ಬೀಳಲಿಲ್ಲ.

ಯಾಕೆ ಬೀಳಲಿಲ್ಲ ಅನ್ನುವುದನ್ನು ನೇರವಾಗೇ ಹೇಳಿಬಿಡುತ್ತೇನೆ. ನಮಗೆ ತಮಿಳು ಲಿಪಿ ಬರುವುದಿಲ್ಲ, ಕಲಿಯುವ ಮನಸ್ಸೂ ಅಷ್ಟಾಗಿಲ್ಲ. ತಲಕಾಡಿನ ನಡಿಗೆಗಳಲ್ಲಿ ಗಂಗರಿಂದ ಹೊಯ್ಸಳರಿಗೆ ಒಂದೇ ನೆಗೆತ. ನಡುವಿನ ಚೋಳರ ಕಾಲ ೧೦೦೪ರ ಸುಮಾರಿನಿಂದ ೧೧೧೬ರವರೆಗೆ, ನೂರಹತ್ತು ವರ್ಷಕ್ಕೂ ಹೆಚ್ಚು. ನಾಲ್ಕೈದು ತಲೆಮಾರು. ಆ ಜನ ಇದೇ ಊರಿನಲ್ಲಿ ಹುಟ್ಟಿ, ವ್ಯಾಪಾರ ಮಾಡಿ, ದೇವರಿಗೆ ದೀಪದ ಎಣ್ಣೆ ಬಿಟ್ಟು ಸತ್ತವರು. ಅವರನ್ನೆಲ್ಲ "ಆಮೇಲೆ ಚೋಳರು ದಾಳಿ ಮಾಡಿದರು" ಅನ್ನುವ ಒಂದು ವಾಕ್ಯದಲ್ಲಿ ದಾಟಿಬಿಡುತ್ತೇವೆ. ಹೊಯ್ಸಳರು ಗೆದ್ದ ಮೇಲೆ ತಮಿಳು ಮಾಯವಾಯಿತೇ? ಇಲ್ಲ. ಹೊಯ್ಸಳರ ಕಾಲದ ತಮಿಳು ಶಾಸನಗಳೂ ಈ ಊರಿನಲ್ಲಿವೆ. ಅರಸು ಬದಲಾದ. ಗುಡಿಯ ಲೆಕ್ಕ ಬರೆಯುವ ಭಾಷೆ ಅವನ ಹಿಂದೆಯೇ ಓಡಿಹೋಗಲಿಲ್ಲ. ಗಡಿ, ಭಾಷೆಯ ಇವತ್ತಿನ ಜಗಳವನ್ನು ಹೊತ್ತುಕೊಂಡು ಹೋದರೆ ಆ ಗೋಡೆ ನಮಗೆ ಓದಲು ಸಿಗುವುದಿಲ್ಲ.

ಕನ್ನಡದಲ್ಲೇ ಬೇಕು ಅನ್ನುವವರು ತಾಲ್ಲೂಕಿನ ಕಲಿಯೂರಿಗೆ ಹೋಗಬಹುದು (ರೈಸ್ ಸಂಪುಟದಲ್ಲಿ ತಿ.ನ. ೪೪). ೧೦೦೬ರ ಸುಮಾರಿನ ಶಾಸನ. ರಾಜರಾಜನ ಅಧಿಕಾರಿ ಅಪ್ರಮೇಯ ಇಲ್ಲಿ ಹೊಯ್ಸಳರ ಮಂತ್ರಿ ನಾಗಣ್ಣನ ಪಡೆಯನ್ನು ಸೋಲಿಸಿದ್ದನ್ನು ಹೇಳುತ್ತದೆ. ಚೋಳರು ಬಂದು ಒಂದೆರಡು ವರ್ಷವಷ್ಟೇ, ಆಗಲೇ ಹೊಯ್ಸಳರು ತಲಕಾಡಿನ ಅಕ್ಕಪಕ್ಕ ಕೈಹಾಕಿ ನೋಡುತ್ತಿದ್ದಾರೆ. ವಿಷ್ಣುವರ್ಧನ ಮುಗಿಸಿದ ಕೆಲಸವನ್ನು ಅವನಿಗಿಂತ ನೂರುಹತ್ತು ವರ್ಷ ಮುಂಚೆ ಯಾರೋ ಶುರುಮಾಡಿ ಸೋತಿದ್ದರು ಅನ್ನುವುದು ಒಂದು ಹಳ್ಳಿಯ ಕಲ್ಲಿನಲ್ಲಿದೆ. ತಲಕಾಡಿನ ಬೋರ್ಡಿನಲ್ಲಿ ಅದಕ್ಕೆ ಜಾಗ ಸಿಕ್ಕಿಲ್ಲ.

ಸಾವಿನ ಕತೆಯೇ ಬೇಕು ಅನ್ನುವವರಿಗೂ ಇದೇ ತಾಲ್ಲೂಕಿನಲ್ಲಿ ಶಾಪಕ್ಕಿಂತ ಮೇಲಾದದ್ದೊಂದು ಇದೆ. ದೊಡ್ಡಹುಂಡಿಯ ನಿಸಿದಿಗಲ್ಲು, ತಿ.ನ. ೯೧, ಒಂಬತ್ತನೇ ಶತಮಾನ. ಗಂಗ ದೊರೆ ನೀತಿಮಾರ್ಗ ಸಾಯುತ್ತಿದ್ದಾನೆ. ಮಂಚದ ಮೇಲೆ ಒರಗಿದ್ದಾನೆ, ನಂಬಿಕೆಯ ಆಳು ಅಗರಯ್ಯ ಅವನನ್ನು ಆತುಕೊಂಡಿದ್ದಾನೆ, ಎದುರಿಗೆ ಮಗ. ಅಕ್ಷರದ ಜೊತೆಗೇ ಈ ಚಿತ್ರ. ತಲಕಾಡಿನ ಅರಮನೆಯ ಒಂದು ಕೋಣೆಯೊಳಗೆ ಇಣುಕಿದ ಹಾಗಿದೆ ಅಂದರೆ ತಪ್ಪಾದೀತು, ಆ ಸಾವು ಎಲ್ಲಾಯಿತು ಅಂತ ಕಲ್ಲು ಹೇಳುವುದಿಲ್ಲ. ಆದರೂ ಬಿರುದು, ಗೆಲುವು, ಭೂದಾನಗಳ ನಡುವೆ ಗಂಗರ ಮನೆಯ ಒಬ್ಬ ಮನುಷ್ಯ ಹೀಗೆ ಕಾಣಿಸುವುದು ಅಪರೂಪ.

ಇಷ್ಟೆಲ್ಲ ಇದ್ದೂ ನಾವು ಓದದೇ ಇರುವುದರಲ್ಲಿ ಶಾಸನ ಸಂಪುಟಗಳದೂ ಸ್ವಲ್ಪ ಪಾಲಿದೆ ಅನ್ನಿಸುತ್ತದೆ. ರೈಸ್ ಅವರ ಕೆಲಸಕ್ಕೆ ಕೈಮುಗಿದೇ ಈ ಮಾತು. ಸಂಪುಟದ ಜೋಡಣೆ ತಾಲ್ಲೂಕು, ಹಳ್ಳಿ, ಸಂಖ್ಯೆ. ಇಂಥ ಗುಡಿಯ ಇಂಥ ಗೋಡೆ ಅಂತ ಒಂದು ಸಾಲು ತಲೆಯಲ್ಲಿ ಇರುತ್ತದೆ, ಆಮೇಲೆ ಪಾಠ. ವಂಶಾವಳಿ, ಕಾಲಗಣನೆಗೆ ಅಷ್ಟು ಸಾಕು. ಊರು ಸುತ್ತುವವನಿಗೆ ಸಾಲದು. ಯಾವ ಕಲ್ಲು ಯಾವುದರ ಎದುರಿಗಿತ್ತು, ನೆಲದಿಂದ ಎಷ್ಟು ಎತ್ತರದಲ್ಲಿತ್ತು, ಪಕ್ಕದ ಕಲ್ಲಿಗೆ ಸಾಲು ಮುಂದುವರಿದಿತ್ತಾ ಅನ್ನುವುದು ಬೇಕು. ತಲಕಾಡಿನಂಥ ಕಡೆ ಇದು ಇನ್ನೂ ಮುಖ್ಯ, ಯಾಕೆಂದರೆ ಇಲ್ಲಿ ಕಟ್ಟಡಗಳು ಮರಳಿಂದ ಎದ್ದಿವೆ, ಕೆಲವನ್ನು ಕಳಚಿ ಮತ್ತೆ ಜೋಡಿಸಿದ್ದಾರೆ. ಕೀರ್ತಿನಾರಾಯಣವನ್ನು ಪುರಾತತ್ತ್ವ ಇಲಾಖೆ ಹಾಗೆ ಕಳಚಿ ಕಟ್ಟಿದ್ದು ಗೊತ್ತೇ ಇದೆ, ಬೇರೆ ದಾರಿ ಇರಲಿಲ್ಲ. ೧೯೯೨-೯೩ರಿಂದ ನಡೆದ ಉತ್ಖನನಗಳು ನೆಲದ ಪದರಗಳನ್ನು ತೋರಿಸಿದವು. ಆ ಪದರಗಳ ಜೊತೆ ಗೋಡೆಯ ಅಕ್ಷರಗಳನ್ನು ಇಟ್ಟು ಸಾಮಾನ್ಯ ಓದುಗರು ಕೈಯಲ್ಲಿ ಹಿಡಿದು ನಡೆಯಬಹುದಾದ ಒಂದು ನಕ್ಷೆ ಕನ್ನಡದಲ್ಲಿ ನನ್ನ ಕೈಗಂತೂ ಸಿಕ್ಕಿಲ್ಲ.

ಹಾಗಾಗಿ ಈಚೆಗೆ ಜೊತೆಗೆ ಬಂದವರನ್ನು ನಾನು ತಿರುಗಾಮುರುಗಾ ಕರೆದುಕೊಂಡು ಹೋಗುತ್ತಿದ್ದೇನೆ. ಮೊದಲು ಈಗಿನ ಊರು, ಅಲ್ಲಿನ ಬೀದಿ. ಆಮೇಲೆ ಮರಳು ಮುಟ್ಟದೆ ಉಳಿಸಿದ ವೈದ್ಯೇಶ್ವರ, ಅಲ್ಲಿನ ಆಳೆತ್ತರ ಮೀರಿದ ದ್ವಾರಪಾಲಕರು. ಆಮೇಲೆ ಮರಳು ಹತ್ತಿ ಪಾತಾಳೇಶ್ವರದ ಗೋಡೆ, ಕೀರ್ತಿನಾರಾಯಣ, ಗೌರೀಶಂಕರ. ನದಿ ಕೊನೆಗೆ. ಅಲಮೇಲಮ್ಮ ಅಲ್ಲಿ, ಮಾಲಂಗಿಯ ಕಡೆ ಕೈ ತೋರಿಸಿ. ಗೌರೀಶಂಕರದ ಇಸವಿ ಕೇಳಿಸಿಕೊಂಡು ಬಂದವರಿಗೆ ಆ ಕತೆ ಬೇರೆ ಥರ ಕೇಳಿಸುತ್ತೆ. ಹೋದ ಸಲ ಒಬ್ಬ ಹುಡುಗ, "ಸಾರ್, ಹಾಗಾದ್ರೆ ಈ ಶಾಪದ ಕತೆ ಮೊದಲು ಎಲ್ಲಿ ಬರೆದಿದ್ದಾರೆ?" ಅಂತ ಕೇಳಿದ. ಚಿಕ್ಕದೇವರಾಜರ ಕಾಲದ ಕಲ್ಲಿನ ಮುಂದೆ ನಿಂತು ಬಂದಿದ್ದಕ್ಕೇ ಅವನಿಗೆ ಆ ಪ್ರಶ್ನೆ ಹೊಳೆದಿದ್ದು.

ಪಂಚಲಿಂಗ ದರ್ಶನ ೨೦೦೯ರಲ್ಲಿ, ೨೦೧೩ರಲ್ಲಿ, ೨೦೨೦ರಲ್ಲಿ ಆಯಿತು. ಮತ್ತೆ ಕಾರ್ತಿಕ ಸೋಮವಾರದ ಯೋಗ ಕೂಡಿಬಂದಾಗ ಲಕ್ಷಾಂತರ ಕಾಲು ಆ ಹಳ್ಳಗಳಿಗೆ ಇಳಿಯುತ್ತವೆ. ಅಂಥ ಹೊತ್ತಿನಲ್ಲಿ ಸುಣ್ಣ, ಬಣ್ಣ, ಹೊಸ ಕಂಬಿ, ಹೊಸ ಮೆಟ್ಟಿಲು ಎಲ್ಲಾ ಗುಡಿಗಳಿಗೂ ಬರುವುದು ನಾವು ಕಂಡದ್ದೇ. ಅದಕ್ಕೂ ಮುಂಚೆ ತಲಕಾಡಿಗೆ ಹೋಗುವವರು ಪಾತಾಳೇಶ್ವರದ ಹೊರಗೋಡೆಯ ಫೋಟೊ ತೆಗೆಯಿರಿ. ಅಕ್ಷರದ್ದು ಮಾತ್ರ ಬೇಡ, ಇಡೀ ಗೋಡೆಯದ್ದು, ಮೂಲೆಯಿಂದ ಮೂಲೆಗೆ, ಬೆಳಗಿನ ಓರೆ ಬಿಸಿಲಿನಲ್ಲಿ, ಪಕ್ಕದಲ್ಲಿ ಅಳತೆಗೆ ಒಂದು ಸ್ಕೇಲ್ ಇಟ್ಟು. ತಮಿಳು ಬಲ್ಲವರು ಜೊತೆಗಿದ್ದರೆ ಆ ಮೂರು ತುಂಡನ್ನು ಮೊದಲು ತೋರಿಸಿ.